ಸಣ್ಣ ತಳಿಯ ನಾಯಿಮರಿ ಎಷ್ಟು ದೊಡ್ಡದಾದೀತು? ಅಂದಾಜು ಮಾಡುವ ಸಮಗ್ರ ಮಾರ್ಗದರ್ಶಿ

ಸಣ್ಣ ತಳಿಯ ನಾಯಿಮರಿಗಳ ಬೆಳವಣಿಗೆ ದೊಡ್ಡ ತಳಿಗಳಿಗಿಂತ ಬಹಳ ಬೇಗ ಮುಗಿಯುತ್ತದೆ. ಗ್ರೇಟ್ ಡೇನ್‌ನಂಥ ನಾಯಿ ಒಂದೂವರೆ, ಎರಡು ವರ್ಷದವರೆಗೂ ಮೈ ತುಂಬಿಕೊಳ್ಳುತ್ತಲೇ ಇರುತ್ತದೆ. ಚಿವಾವಾ, ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್ ಮುಂತಾದವು ಎಂಟರಿಂದ ಹತ್ತು ತಿಂಗಳ ಹೊತ್ತಿಗೆ, ಪಗ್, ಶೀ ತ್ಸು, ಕ್ಯಾವಲಿಯರ್ ಮುಂತಾದವು ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ತಮ್ಮ ಪೂರ್ಣ ತೂಕವನ್ನು ಹೆಚ್ಚುಕಡಿಮೆ ಮುಟ್ಟಿರುತ್ತವೆ. ಈ ವ್ಯತ್ಯಾಸವನ್ನು ಮರೆತು ಎಲ್ಲ ನಾಯಿಗಳಿಗೂ ಒಂದೇ ಸೂತ್ರ ಹಾಕುವುದರಿಂದಲೇ ಬಹುಪಾಲು ಅಂದಾಜುಗಳು ತಪ್ಪುತ್ತವೆ. ಹೀಗಾಗಿ ಇಲ್ಲಿ ಹೇಳುವ ಕ್ರಮ ಬೆಳೆದ ಮೇಲೆ ಸುಮಾರು ಹತ್ತು ಕಿಲೋ ಒಳಗೆ ನಿಲ್ಲುವ ನಾಯಿಗಳಿಗೆ ಮಾತ್ರ ಅನ್ವಯಿಸುತ್ತದೆ.

ಅಂದಾಜಿನ ಉಪಯೋಗ ಕುತೂಹಲ ತಣಿಸುವುದಕ್ಕಷ್ಟೇ ಸೀಮಿತವಲ್ಲ. ಮಲಗುವ ಪಂಜರ, ಹಾರ್ನೆಸ್, ಪ್ರಯಾಣದ ಚೀಲ ಇವುಗಳ ಅಳತೆ ನಿರ್ಧರಿಸಲು ಅದು ಬೇಕು. ಮರಿಯ ಆಹಾರದಿಂದ ಬೆಳೆದ ನಾಯಿಯ ಆಹಾರಕ್ಕೆ ಯಾವಾಗ ಬದಲಿಸಬೇಕೆಂದು ತಿಳಿಯಲೂ ಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಉಪಯೋಗ ಇನ್ನೊಂದಿದೆ. ಮರಿ ಯಾವ ದಾರಿಯಲ್ಲಿ ಬೆಳೆಯಬೇಕೆಂದು ಮೊದಲೇ ಗೊತ್ತಿದ್ದರೆ, ಅದು ದಾರಿ ತಪ್ಪಿದ ವಾರದಲ್ಲೇ ನಮಗೆ ತಿಳಿಯುತ್ತದೆ. ಆದ್ದರಿಂದ ಒಂದೇ ಬಾರಿ ತೂಗಿ, ಗುಣಿಸಿ, ಒಂದು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಪದ್ಧತಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ವಾರಕ್ಕೊಮ್ಮೆ ತೂಗಿ, ಆ ತೂಕಗಳು ಮೂಡಿಸುವ ರೇಖೆಯನ್ನು ಓದುವುದೇ ಸರಿಯಾದ ವಿಧಾನ.

ಮೊದಲ ಹೆಜ್ಜೆ: ವಯಸ್ಸನ್ನು ಖಚಿತಪಡಿಸಿಕೊಳ್ಳುವುದು

ಎಲ್ಲ ಲೆಕ್ಕಗಳ ತಳಪಾಯ ವಯಸ್ಸು. ಎಂಟು ವಾರದ ಮರಿಯನ್ನು ಹತ್ತು ವಾರದ್ದೆಂದು ತಿಳಿದರೆ ಅಂದಾಜಿನಲ್ಲಿ ಅರ್ಧ ಕಿಲೋದಷ್ಟು ವ್ಯತ್ಯಾಸ ಬರಬಹುದು. ಮೂರು ಕಿಲೋ ತೂಗಬೇಕಾದ ನಾಯಿಯ ವಿಷಯದಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ. ಹುಟ್ಟಿದ ದಿನಾಂಕ ದಾಖಲೆಯಲ್ಲಿದ್ದರೆ ಚಿಂತೆಯಿಲ್ಲ. ದತ್ತು ತಂದ ಅಥವಾ ಬೀದಿಯಲ್ಲಿ ಸಿಕ್ಕ ಮರಿಯಾದರೆ ಹಲ್ಲುಗಳನ್ನು ನೋಡಬೇಕು.

ಹಾಲುಹಲ್ಲುಗಳು ಮೂರನೇ ವಾರದ ಸುಮಾರಿಗೆ ಮೂಡಲು ಆರಂಭಿಸಿ, ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಲ್ಲುಗಳೂ ಬಂದಿರುತ್ತವೆ. ಮೂರರಿಂದ ನಾಲ್ಕು ತಿಂಗಳ ನಡುವೆ ಮುಂದಿನ ಬಾಚಿಹಲ್ಲುಗಳು ಬಿದ್ದು, ಅಗಲವಾದ, ಬೆಳ್ಳಗಿನ ಶಾಶ್ವತ ಹಲ್ಲುಗಳು ಇಣುಕುತ್ತವೆ. ಕೋರೆಹಲ್ಲುಗಳು ಐದಾರು ತಿಂಗಳಿಗೆ ಬದಲಾಗುತ್ತವೆ, ಏಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಪೂರ್ಣವಾಗುತ್ತವೆ. ಅತಿ ಸಣ್ಣ ತಳಿಗಳಲ್ಲಿ ಈ ಬದಲಾವಣೆ ತುಸು ತಡವಾಗುವುದುಂಟು. ಹಾಲಿನ ಕೋರೆಹಲ್ಲು ಬೀಳದೆಯೇ ಅದರ ಪಕ್ಕದಲ್ಲಿ ಹೊಸ ಕೋರೆಹಲ್ಲು ಹುಟ್ಟುವುದೂ ಇವುಗಳಲ್ಲಿ ಸಾಮಾನ್ಯ. ಆದ್ದರಿಂದ ಹಲ್ಲು ನೋಡಿ ಹೇಳಿದ ವಯಸ್ಸನ್ನು ಎರಡು ವಾರ ಹಿಂದೆ ಮುಂದೆ ಇರಬಹುದೆಂದೇ ಇಟ್ಟುಕೊಂಡು, ಮುಂದಿನ ಲೆಕ್ಕವನ್ನು ಎರಡೂ ತುದಿಗಳಿಗೆ ಮಾಡಿ ನೋಡಬೇಕು.

ಎರಡನೇ ಹೆಜ್ಜೆ: ತಳಿಯ ಅಳತೆ ಮತ್ತು ತಂದೆತಾಯಿಯ ತೂಕ

ತಳಿಯ ಮಾನದಂಡವು ಎಲ್ಲೆಗಳನ್ನು ಹೇಳುತ್ತದೆ. ಅಮೆರಿಕನ್ ಕೆನಲ್ ಕ್ಲಬ್‌ನ ಮಾನದಂಡದ ಪ್ರಕಾರ ಚಿವಾವಾ 6 ಪೌಂಡ್, ಅಂದರೆ ಸುಮಾರು 2.7 ಕಿಲೋ ಮೀರಬಾರದು. ಪೊಮೆರೇನಿಯನ್ 3ರಿಂದ 7 ಪೌಂಡ್, ಅಂದರೆ 1.4ರಿಂದ 3.2 ಕಿಲೋ, ಯಾರ್ಕ್‌ಶೈರ್ ಟೆರಿಯರ್ 7 ಪೌಂಡ್ ಮೀರಬಾರದು, ಶೀ ತ್ಸು 9ರಿಂದ 16 ಪೌಂಡ್, ಅಂದರೆ ಸುಮಾರು 4ರಿಂದ 7.3 ಕಿಲೋ, ಪಗ್ 14ರಿಂದ 18 ಪೌಂಡ್, ಅಂದರೆ 6.3ರಿಂದ 8.2 ಕಿಲೋ. ಎಲ್ಲ ತಳಿಗಳನ್ನೂ ತೂಕದಿಂದಲೇ ಅಳೆಯುವುದಿಲ್ಲ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಪೂಡಲ್‌ಗಳನ್ನು ಎತ್ತರದಿಂದ ವಿಂಗಡಿಸುತ್ತದೆ. ಡ್ಯಾಷ್‌ಹಂಡ್‌ಗಳನ್ನು ಎದೆಯ ಸುತ್ತಳತೆಯಿಂದ ವಿಂಗಡಿಸುತ್ತದೆ, ಅದೂ ನಾಯಿಗೆ ಕನಿಷ್ಠ 15 ತಿಂಗಳಾದ ಮೇಲೆ. ಮೂರು ತಿಂಗಳ ಡ್ಯಾಷ್‌ಹಂಡ್ ಮರಿಯನ್ನು ತೋರಿಸಿ ಇದು ಖಂಡಿತವಾಗಿ ಮಿನಿಯೇಚರ್ ಎಂದು ಯಾರಾದರೂ ಮಾತು ಕೊಟ್ಟರೆ ಈ 15 ತಿಂಗಳನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಮಾನದಂಡವು ಪ್ರದರ್ಶನದ ನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮನೆಗಳಲ್ಲಿ ಸಾಕುವ ಆರೋಗ್ಯವಂತ ಚಿವಾವಾ ಮೂರೂವರೆ ಕಿಲೋ ತೂಗಿದರೆ ಅದು ಬೊಜ್ಜೂ ಅಲ್ಲ, ಮಿಶ್ರತಳಿಯ ಸಾಕ್ಷಿಯೂ ಅಲ್ಲ. ಅದರ ಎಲುಬಿನ ಹಂದರವೇ ತುಸು ದೊಡ್ಡದಿರಬಹುದು. ಆದ್ದರಿಂದ ಮಾನದಂಡಕ್ಕಿಂತ ತಂದೆತಾಯಿಯ ತೂಕಕ್ಕೆ ಹೆಚ್ಚು ಬೆಲೆ ಕೊಡಬೇಕು. ತಂದೆಯ ಮತ್ತು ತಾಯಿಯ ತೂಕಗಳನ್ನು ಕೂಡಿಸಿ ಅರ್ಧ ಮಾಡಿದರೆ ಸಿಗುವುದು ಮೊದಲ ಅಂದಾಜು. ಗಂಡುಮರಿಯಾದರೆ ಅದಕ್ಕಿಂತ ತುಸು ಮೇಲೆ, ಹೆಣ್ಣಾದರೆ ತುಸು ಕೆಳಗೆ ಇಟ್ಟುಕೊಳ್ಳಬಹುದು. ತಾಯಿಯ ತೂಕವನ್ನು ಕೇಳುವಾಗ ಗರ್ಭ ಧರಿಸುವುದಕ್ಕೆ ಮುಂಚಿನ ತೂಕವನ್ನೇ ಕೇಳಬೇಕು. ಹಾಲೂಡಿಸುತ್ತಿರುವ ತಾಯಿಯ ತೂಕ ಅದರ ಸಹಜ ತೂಕವಾಗಿರುವುದಿಲ್ಲ. ಅದೇ ಜೋಡಿಯ ಹಿಂದಿನ ಸೂಲಿನ ಮರಿಗಳು ಬೆಳೆದು ಎಷ್ಟು ತೂಗುತ್ತಿವೆ ಎಂಬ ಮಾಹಿತಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ. ಬ್ರೀಡರ್ ಇದನ್ನು ಹೇಳಲು ಹಿಂಜರಿದರೆ ಆ ಹಿಂಜರಿಕೆಯನ್ನೂ ಗಮನಿಸಬೇಕು.

ಮೂರನೇ ಹೆಜ್ಜೆ: ಸರಿಯಾಗಿ ತೂಗುವುದು

ಮನುಷ್ಯರು ನಿಂತು ತೂಗಿಕೊಳ್ಳುವ ಯಂತ್ರ ಇಲ್ಲಿ ಪ್ರಯೋಜನವಿಲ್ಲ. ಮರಿಯನ್ನು ಎತ್ತಿಕೊಂಡು ತೂಗಿ, ಬಳಿಕ ನಮ್ಮ ತೂಕವನ್ನು ಕಳೆಯುವ ವಿಧಾನದಲ್ಲಿ ನೂರಿನ್ನೂರು ಗ್ರಾಂ ಏರುಪೇರಾಗುವುದು ಸಹಜ, ಒಂದು ಕಿಲೋ ತೂಗುವ ಮರಿಗೆ ಅದು ಎರಡು ವಾರದ ಬೆಳವಣಿಗೆಯಷ್ಟಾಯಿತು. ಐದು ಕಿಲೋವರೆಗೆ ತೂಗಬಲ್ಲ, ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ತಕ್ಕಡಿಯನ್ನು ಮೇಜಿನ ಮೇಲಲ್ಲ, ನೆಲದ ಮೇಲೆ ಇಡಬೇಕು, ಏಕೆಂದರೆ ಮರಿ ಹಾರಿದರೆ ಅದರ ತೆಳುವಾದ ಮುಂಗಾಲಿನ ಎಲುಬು ಮುರಿಯಲು ಮೇಜಿನ ಎತ್ತರವೇ ಸಾಕಾಗುತ್ತದೆ. ಅದರ ಮೇಲೆ ಅಂಚು ತುಸು ಎತ್ತರವಿರುವ ಡಬ್ಬ, ಡಬ್ಬದ ತಳದಲ್ಲಿ ಜಾರದಂತೆ ಮಡಿಸಿದ ಬಟ್ಟೆ ಇಟ್ಟು, ಸೊನ್ನೆಗೆ ತಂದುಕೊಂಡು, ಆಮೇಲೆ ಮರಿಯನ್ನು ಕೂರಿಸಬೇಕು. ಮರಿ ತಿರುಗುತ್ತಾ ಮೂಸುತ್ತಾ ಇರುವಷ್ಟು ಹೊತ್ತು ಅಂಕಿಗಳು ಓಡುತ್ತಿರುತ್ತವೆ. ಒಂದು ಕ್ಷಣ ಕಿವಿ ನಿಮಿರಿಸಿ ಸುಮ್ಮನೆ ನಿಂತಾಗ ಬರುವ ಅಂಕಿಯನ್ನು ಹಿಡಿಯಬೇಕು. ಹೀಗೆ ಮೂರು ಸಲ ಓದಿ ನಡುವಿನದನ್ನು ಬರೆದುಕೊಳ್ಳಬೇಕು. ಪ್ರತಿವಾರ ಅದೇ ದಿನ, ಅದೇ ತಕ್ಕಡಿಯಲ್ಲಿ, ಬೆಳಗಿನ ಮಲಮೂತ್ರ ವಿಸರ್ಜನೆಯ ನಂತರ, ಊಟಕ್ಕೆ ಮುಂಚೆ ತೂಗಬೇಕು. ಹಾಗೆಂದು ತೂಕಕ್ಕಾಗಿ ಊಟವನ್ನು ತಡ ಮಾಡಬಾರದು. ಅತಿ ಸಣ್ಣ ಮರಿಗಳು ಹೆಚ್ಚು ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯುತ್ತದೆ. ನಡುಕ, ತೂರಾಟ, ಅತಿಯಾದ ಮಂಕು ಅದರ ಲಕ್ಷಣಗಳು.

ನಾಲ್ಕನೇ ಹೆಜ್ಜೆ: ಗುಣಿಸಿ ನೋಡುವುದು

ಎಲ್ಲೆಡೆ ಹರಿದಾಡುವ ಒಂದು ಸೂತ್ರವಿದೆ: ಈಗಿನ ತೂಕವನ್ನು ವಾರಗಳ ಸಂಖ್ಯೆಯಿಂದ ಭಾಗಿಸಿ 52ರಿಂದ ಗುಣಿಸಿ ಎನ್ನುವುದು. ಸಣ್ಣ ತಳಿಗೆ ಇದನ್ನು ಬಳಸಲೇಬಾರದು. ಮರಿ ವರ್ಷವಿಡೀ ಒಂದೇ ವೇಗದಲ್ಲಿ ಬೆಳೆಯುತ್ತದೆ ಎಂಬ ಊಹೆ ಇದರ ಹಿಂದಿದೆ, ಸಣ್ಣ ಮರಿಗಳಾದರೋ ತಮ್ಮ ಬೆಳವಣಿಗೆಯ ಅರ್ಧಕ್ಕಿಂತ ಹೆಚ್ಚನ್ನು ಮೊದಲ ನಾಲ್ಕು ತಿಂಗಳಲ್ಲೇ ಮುಗಿಸಿಬಿಡುತ್ತವೆ. ಹನ್ನೆರಡು ವಾರಕ್ಕೆ 1.3 ಕಿಲೋ ಇರುವ ಮರಿಗೆ ಈ ಸೂತ್ರ ಹಾಕಿದರೆ 5.6 ಕಿಲೋ ಬರುತ್ತದೆ. ಅಂಥ ಮರಿ ವಾಸ್ತವದಲ್ಲಿ ಮೂರು ಕಿಲೋ ಆಸುಪಾಸಿನಲ್ಲಿ ನಿಲ್ಲುವುದೇ ಹೆಚ್ಚು.

ಇದರ ಬದಲಿಗೆ ವಯಸ್ಸಿಗೆ ತಕ್ಕ ಗುಣಕವನ್ನು ಬಳಸಬೇಕು. ಬೆಳೆದಾಗ ನಾಲ್ಕು ಕಿಲೋ ಒಳಗಿರುವ ತಳಿಗಳಿಗೆ ಆರು ವಾರದ ತೂಕವನ್ನು ಸುಮಾರು 4ರಿಂದ, ಎಂಟು ವಾರದ್ದನ್ನು 3–3.5ರಿಂದ, ಹನ್ನೆರಡು ವಾರದ್ದನ್ನು 2.2–2.4ರಿಂದ, ಹದಿನಾರು ವಾರದ್ದನ್ನು 1.7–1.8ರಿಂದ, ಆರು ತಿಂಗಳದ್ದನ್ನು 1.2–1.3ರಿಂದ ಗುಣಿಸಿದರೆ ನಿಜಕ್ಕೆ ಹತ್ತಿರದ ಉತ್ತರ ಸಿಗುತ್ತದೆ. ಐದರಿಂದ ಹತ್ತು ಕಿಲೋ ತೂಗುವ ತಳಿಗಳು ತುಸು ನಿಧಾನವಾಗಿ ಬೆಳೆಯುವುದರಿಂದ ಗುಣಕಗಳೂ ತುಸು ಹೆಚ್ಚು: ಹನ್ನೆರಡು ವಾರಕ್ಕೆ 2.5ರಿಂದ 2.8, ಹದಿನಾರು ವಾರಕ್ಕೆ 1.9ರಿಂದ 2, ಆರು ತಿಂಗಳಿಗೆ 1.3ರಿಂದ 1.4. ಇವೆಲ್ಲ ರೂಢಿಯಿಂದ ಬಂದ ಸ್ಥೂಲ ಅಂಕಿಗಳೇ ಹೊರತು ನಿಯಮಗಳಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ತಂದೆ 2.7 ಕಿಲೋ, ತಾಯಿ 3.3 ಕಿಲೋ ಇರುವ ಒಂದು ಹೆಣ್ಣುಮರಿ ಎಂಟು ವಾರಕ್ಕೆ 820 ಗ್ರಾಂ, ಹನ್ನೆರಡು ವಾರಕ್ಕೆ 1.3 ಕಿಲೋ, ಹದಿನಾರು ವಾರಕ್ಕೆ 1.75 ಕಿಲೋ, ಇಪ್ಪತ್ತು ವಾರಕ್ಕೆ 2.1 ಕಿಲೋ, ಇಪ್ಪತ್ತಾರು ವಾರಕ್ಕೆ 2.45 ಕಿಲೋ ತೂಗಿತೆಂದು ಇಟ್ಟುಕೊಳ್ಳೋಣ. ತಂದೆತಾಯಿಯ ಸರಾಸರಿ 3 ಕಿಲೋ. ಎಂಟು ವಾರದ ಲೆಕ್ಕ 2.5ರಿಂದ 2.9 ಎನ್ನುತ್ತದೆ, ಹನ್ನೆರಡು ವಾರದ್ದು 2.9ರಿಂದ 3.1, ಹದಿನಾರರದ್ದು 3ರಿಂದ 3.15, ಇಪ್ಪತ್ತಾರರದ್ದು 2.9ರಿಂದ 3.2. ಎಂಟು ವಾರದ ಅಂದಾಜು ಕೆಳಗಿತ್ತು, ಆಮೇಲಿನವೆಲ್ಲ ಮೂರರ ಸುತ್ತಲೇ ಬಂದು ನಿಂತವು. ಹೊಸ ಅಳತೆಗಳು ಹಳೆಯ ಅಂದಾಜನ್ನು ಅಲ್ಲಾಡಿಸದೆ ಇದ್ದರೆ ಅದನ್ನು ನಂಬಬಹುದು.

ಇದೇ ಅಂಕಿಗಳಲ್ಲಿ ಇನ್ನೊಂದು ಸುಳಿವಿದೆ, ಮತ್ತು ಗುಣಕಗಳಿಗಿಂತ ನಾನು ಹೆಚ್ಚು ನೆಚ್ಚುವುದು ಅದನ್ನೇ. ಹನ್ನೆರಡರಿಂದ ಹದಿನಾರು ವಾರದ ನಡುವೆ ಮರಿ ವಾರಕ್ಕೆ ಸುಮಾರು 112 ಗ್ರಾಂ ಏರಿತು. ಹದಿನಾರರಿಂದ ಇಪ್ಪತ್ತರ ನಡುವೆ ಸುಮಾರು 88 ಗ್ರಾಂ. ಅಲ್ಲಿಂದ ಇಪ್ಪತ್ತಾರರವರೆಗೆ ಸುಮಾರು 58 ಗ್ರಾಂ. ವಾರದ ಏರಿಕೆ ಹೀಗೆ ಹಂತಹಂತವಾಗಿ ಇಳಿಯುತ್ತಾ ಬಂದರೆ ಬೆಳವಣಿಗೆಯ ಕೊನೆ ಹತ್ತಿರವಾಗುತ್ತಿದೆ ಎಂದರ್ಥ. ಐದು ತಿಂಗಳಾದರೂ ಏರಿಕೆ ಇಳಿಯದೆ ಅದೇ ವೇಗದಲ್ಲಿದ್ದರೆ, ಒಂದೋ ನಾಯಿ ನಾವೆಣಿಸಿದ್ದಕ್ಕಿಂತ ದೊಡ್ಡ ಜಾತಿಯದ್ದು, ಇಲ್ಲವೇ ಏರುತ್ತಿರುವುದು ಎಲುಬು ಮಾಂಸವಲ್ಲ, ಕೊಬ್ಬು.

ಐದನೇ ಹೆಜ್ಜೆ: ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುವುದು

ಮಕ್ಕಳ ವೈದ್ಯರು ಬಳಸುವಂಥ ನಕ್ಷೆಗಳು ಈಗ ನಾಯಿಮರಿಗಳಿಗೂ ಇವೆ. ಸಾಕುಪ್ರಾಣಿಗಳ ಪೋಷಣೆಯನ್ನು ಅಧ್ಯಯನ ಮಾಡುವ ವಾಲ್ಥಮ್ ಸಂಸ್ಥೆಯ ಸಂಶೋಧಕರು ಪಶು ಆಸ್ಪತ್ರೆಗಳ ಅಪಾರ ದಾಖಲೆಗಳನ್ನು ಆಧರಿಸಿ ರೂಪಿಸಿದ ಈ ನಕ್ಷೆಗಳು 2017ರಲ್ಲಿ ಪ್ರಕಟವಾದವು. ಗಂಡು ಹೆಣ್ಣಿಗೆ ಬೇರೆಬೇರೆ ನಕ್ಷೆಗಳಿದ್ದು, ಬೆಳೆದಾಗಿನ ತೂಕಕ್ಕೆ ಅನುಗುಣವಾಗಿ 6.5 ಕಿಲೋ ಒಳಗಿನವು, 6.5ರಿಂದ 9 ಕಿಲೋ, 9ರಿಂದ 15 ಕಿಲೋ ಹೀಗೆ ವಿಂಗಡಣೆಯಿದೆ. ಪ್ರತಿ ನಕ್ಷೆಯಲ್ಲೂ ಹನ್ನೆರಡು ವಾರದಿಂದ ಎರಡು ವರ್ಷದವರೆಗೆ ಸಾಗುವ ಒಂಬತ್ತು ರೇಖೆಗಳಿವೆ; ನಡುವಿನದು ಸರಾಸರಿ ಮರಿಯದ್ದು.

ಎರಡನೇ ಹೆಜ್ಜೆಯ ಅಂದಾಜಿಗೆ ಹೊಂದುವ ನಕ್ಷೆಯನ್ನು ಆರಿಸಿ, ಪ್ರತಿವಾರದ ತೂಕವನ್ನು ಚುಕ್ಕಿಯಾಗಿ ಗುರುತಿಸುತ್ತಾ ಹೋಗಬೇಕು. ನಾಲ್ಕೈದು ಚುಕ್ಕಿಗಳಾದ ಮೇಲೆ ಮರಿ ಯಾವ ರೇಖೆಯ ಪಕ್ಕದಲ್ಲಿ ನಡೆಯುತ್ತಿದೆ ಎಂಬುದು ಕಾಣುತ್ತದೆ. ಆರೋಗ್ಯವಾಗಿರುವ ಮರಿ ತನ್ನ ರೇಖೆಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಹೀಗಾಗಿ ಆ ರೇಖೆ ಬಲತುದಿಯಲ್ಲಿ ಮುಟ್ಟುವ ತೂಕವೇ ಮರಿಯ ಮುಂದಿನ ತೂಕ. ಅತ್ಯಂತ ಕೆಳಗಿನ ರೇಖೆಯಲ್ಲೇ ಸ್ಥಿರವಾಗಿ ಸಾಗುವ ಮರಿ ಸಣ್ಣ ಮೈಕಟ್ಟಿನದು ಅಷ್ಟೆ, ಚಿಂತೆ ಬೇಡ. ಚುಕ್ಕಿಗಳು ಎರಡು ರೇಖೆಗಳನ್ನು ದಾಟಿ ಮೇಲಕ್ಕೋ ಕೆಳಕ್ಕೋ ಹೋದರೆ ಮಾತ್ರ ಪಶುವೈದ್ಯರಿಗೆ ತೋರಿಸಬೇಕು. ಕೆಳಕ್ಕೆ ಜಾರುವುದಕ್ಕೆ ಜಂತುಹುಳು ಬಹಳ ಸಾಮಾನ್ಯ ಕಾರಣ. ಸಣ್ಣ ತಳಿಗಳಲ್ಲಿ ಕರುಳಿನ ರಕ್ತ ಯಕೃತ್ತಿಗೆ ಹೋಗದೆ ಅಡ್ಡದಾರಿ ಹಿಡಿಯುವ ಹುಟ್ಟುದೋಷವೂ ಇರಬಹುದು. ಇಂಥ ಮರಿಗಳು ಒಡಹುಟ್ಟಿದವುಗಳಿಗಿಂತ ಕುಗ್ಗಿ ಉಳಿಯುತ್ತವೆ, ಊಟವಾದ ಬಳಿಕ ಮಂಕಾಗುತ್ತವೆ. ಸಣ್ಣ ಜಾತಿ, ಸಣ್ಣಗೇ ಇರುತ್ತದೆ ಎಂದು ಸುಮ್ಮನಿದ್ದರೆ ಚಿಕಿತ್ಸೆಯ ಸಮಯ ಮೀರಿಹೋಗುತ್ತದೆ.

ಎತ್ತರ

ಹೆಗಲಿನ ಅತ್ಯುನ್ನತ ಬಿಂದುವಿನಿಂದ ನೆಲದವರೆಗಿನದು ನಾಯಿಯ ಎತ್ತರ. ತಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮರಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಹೆಗಲ ಮೇಲೆ ಅಡ್ಡಪಟ್ಟಿ ಇಟ್ಟು ಗುರುತು ಮಾಡಿ, ತಿಂಗಳಿಗೊಮ್ಮೆ ಅಳೆದರೆ ಸಾಕು. ಎಲುಬಿನ ತುದಿಯ ಬೆಳವಣಿಗೆಯ ಫಲಕಗಳು ಸಣ್ಣ ತಳಿಗಳಲ್ಲಿ ಬೇಗ ಮುಚ್ಚಿಕೊಳ್ಳುವುದರಿಂದ ಎತ್ತರ ಆರರಿಂದ ಎಂಟು ತಿಂಗಳಿಗೆ ನಿಲ್ಲುತ್ತದೆ, ಎದೆ ಅಗಲವಾಗಿ ಮೈ ತುಂಬುವುದು ಆಮೇಲೆ. ಎರಡು ತಿಂಗಳ ಅಳತೆಗಳು ಒಂದೇ ಬಂದರೆ ಇನ್ನು ಏರುವುದು ಅಲ್ಪ ತೂಕ ಮಾತ್ರ.

ನಂಬಬಾರದ ಗುರುತುಗಳು

ಪಂಜ ದೊಡ್ಡದಿದ್ದರೆ ನಾಯಿ ದೊಡ್ಡದಾಗುತ್ತದೆ ಎಂಬ ಮಾತು ಸಣ್ಣ ತಳಿಗಳಲ್ಲಿ ಕೆಲಸಕ್ಕೆ ಬರುವುದಿಲ್ಲ, ಕೂದಲು ಪಂಜದ ಗಾತ್ರವನ್ನು ಮರೆಮಾಡುತ್ತದೆ. ಸಡಿಲ ಚರ್ಮವೂ ತಳಿಯ ಗುಣವೇ ಹೊರತು ಬೆಳವಣಿಗೆಯ ಮುನ್ಸೂಚನೆಯಲ್ಲ. ಹುಟ್ಟಿದಾಗಿನ ತೂಕ ಸೂಲಿನಲ್ಲಿ ಎಷ್ಟು ಮರಿಗಳಿದ್ದವು, ಗರ್ಭದಲ್ಲಿ ಎಷ್ಟು ಪೋಷಣೆ ದೊರೆಯಿತು ಎಂಬುದನ್ನು ಅವಲಂಬಿಸಿರುತ್ತದೆ. ಎಲ್ಲಕ್ಕಿಂತ ಚಿಕ್ಕದಾಗಿ ಹುಟ್ಟಿದ ಮರಿ ಮೂರು ತಿಂಗಳಿಗೆ ಉಳಿದವುಗಳನ್ನು ಸರಿಗಟ್ಟುವುದು ಅಪರೂಪವೇನಲ್ಲ.

'ಟೀಕಪ್' ಎಂಬ ಹೆಸರಿನ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಅಮೆರಿಕನ್ ಕೆನಲ್ ಕ್ಲಬ್ ಆಗಲಿ ಎಫ್‌ಸಿಐ ಆಗಲಿ ಇಂಥದೊಂದು ವರ್ಗವನ್ನು ಗುರುತಿಸಿಲ್ಲ. ಇದು ಮಾರಾಟದ ಮಾತು. ಆ ಹೆಸರಿನಲ್ಲಿ ಬರುವ ಮರಿ ಒಂದೋ ವಯಸ್ಸಿಗಿಂತ ಮೊದಲೇ ತಾಯಿಯಿಂದ ಬೇರ್ಪಟ್ಟ ಸಾಮಾನ್ಯ ಮರಿಯಾಗಿರುತ್ತದೆ, ಅಂಥದ್ದು ಕೊನೆಗೆ ತಳಿಯ ಸಹಜ ಗಾತ್ರಕ್ಕೇ ಬೆಳೆಯುತ್ತದೆ. ಇಲ್ಲವೇ ಅಸಹಜವಾಗಿ ಕುಗ್ಗಿದ ಮರಿಯಾಗಿರುತ್ತದೆ. ಎರಡನೆಯದರಲ್ಲಿ ರಕ್ತದ ಸಕ್ಕರೆ ಕುಸಿತ, ಮುಚ್ಚದ ನೆತ್ತಿ, ಮೆದುಳಿನಲ್ಲಿ ನೀರು ತುಂಬುವ ತೊಂದರೆ, ಜಾರುವ ಮಂಡಿಚಿಪ್ಪು ಇವುಗಳ ಭಯ ಜೀವನಪೂರ್ತಿ ಇರುತ್ತದೆ. ಬೆಳೆದರೂ ಇಷ್ಟೇ ಇರುತ್ತದೆ ಎಂಬ ಭರವಸೆಗೆ ಹೆಚ್ಚು ಹಣ ಕೇಳಿದರೆ ಆ ಮರಿಯ ವ್ಯವಹಾರವನ್ನೇ ಬಿಡುವುದು ಲೇಸು.

ಇನ್ನೂ ನೋವಿನ ಸಂಗತಿಯೆಂದರೆ, ಅಂದಾಜಿನ ಸಂಖ್ಯೆಯನ್ನು ದಾಟದಿರಲಿ ಎಂದು ಕೆಲವರು ಮರಿಯ ಊಟ ಕಡಿಮೆ ಮಾಡುತ್ತಾರೆ. ಎಲುಬಿನ ಹಂದರದ ಗಾತ್ರ ಮುಖ್ಯವಾಗಿ ವಂಶವಾಹಿಗಳಿಂದ ನಿರ್ಧಾರವಾಗಿರುತ್ತದೆ. ಅರೆಹೊಟ್ಟೆಯಿಂದ ನಾಯಿ ಚೆಂದದ ಚಿಕ್ಕ ನಾಯಿಯಾಗುವುದಿಲ್ಲ, ರೋಗಿಯಾಗುತ್ತದೆ. ಹೆಚ್ಚು ತಿನ್ನಿಸಿದರೂ ಹಂದರ ಹಿಗ್ಗದೆ ಬೊಜ್ಜು ಮಾತ್ರ ಸೇರುತ್ತದೆ.

ಮಿಶ್ರತಳಿಯಾದರೆ

ತಂದೆತಾಯಿಯ ತೂಕಗಳು ಹತ್ತಿರವಿದ್ದರೆ ಸರಾಸರಿ ಸಾಕು. ಒಂದು ಮೂರು ಕಿಲೋ, ಇನ್ನೊಂದು ಒಂಬತ್ತು ಕಿಲೋ ಇದ್ದರೆ ಮರಿ ಎರಡರ ನಡುವೆ ಎಲ್ಲಾದರೂ ನಿಲ್ಲಬಹುದು, ಒಂದೇ ಸೂಲಿನ ಮರಿಗಳೂ ಬೇರೆಬೇರೆ ಗಾತ್ರದವಾಗಬಹುದು. ಹೆಣ್ಣುನಾಯಿ ಒಂದೇ ಬೆದೆಯಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳಿಂದ ಗರ್ಭ ಧರಿಸಬಲ್ಲದು, ಆದ್ದರಿಂದ ಒಡಹುಟ್ಟಿದ ಮರಿಗಳಿಗೆ ಒಬ್ಬನೇ ತಂದೆ ಎಂದೂ ಹೇಳಲಾಗದು. ಇಂಥಲ್ಲಿ ಹದಿನಾರು ವಾರದವರೆಗೆ ಕಾದು ತೂಕದ ರೇಖೆಯನ್ನೇ ಆಧರಿಸಬೇಕು.

ತಂದೆತಾಯಿ ಯಾರೆಂದೇ ಗೊತ್ತಿಲ್ಲದಿದ್ದರೆ ಡಿಎನ್‌ಎ ಪರೀಕ್ಷೆ ನೆರವಾಗುತ್ತದೆ. ನಾಯಿಗಳ ಗಾತ್ರದಲ್ಲಿ ಐಜಿಎಫ್-1 ಎಂಬ ವಂಶವಾಹಿಯ ದೊಡ್ಡ ಪಾತ್ರವನ್ನು 2007ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಸಣ್ಣ ಗಾತ್ರಕ್ಕೆ ಕಾರಣವಾಗುವ ಅದರ ರೂಪಾಂತರವು ಸುಮಾರು 54,000 ವರ್ಷ ಹಿಂದಿನ ತೋಳದಲ್ಲೂ ಇತ್ತೆಂದು 2022ರಲ್ಲಿ ತಿಳಿದುಬಂತು. ಮನುಷ್ಯ ತಳಿ ಬೆಳೆಸುವುದಕ್ಕೆ ಬಹಳ ಮೊದಲೇ ಚಿಕ್ಕದಾಗುವ ಸಾಧ್ಯತೆ ಆ ರಕ್ತದಲ್ಲಿತ್ತು ಎಂಬುದು ನನಗೆ ಇಂದಿಗೂ ವಿಸ್ಮಯದ ವಿಷಯ. ಗಾತ್ರವನ್ನು ನಿರ್ಧರಿಸುವ ಇತರ ವಂಶವಾಹಿಗಳೂ ಹಲವಿರುವುದರಿಂದ ಪರೀಕ್ಷೆಯ ವರದಿಯನ್ನೂ ಒಂದು ಅಂದಾಜಾಗಿಯೇ ಸ್ವೀಕರಿಸಿ ತೂಕದ ರೇಖೆಯೊಂದಿಗೆ ಹೋಲಿಸಬೇಕು.

ಕೊನೆಯ ಹಂತ: ಬೆಳವಣಿಗೆ ನಿಂತಿದೆಯೇ ಎಂದು ತಿಳಿಯುವುದು

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಬಹಳ ಬೇಗ ಮಾಡಿಸಿದರೆ ಎಲುಬಿನ ಫಲಕಗಳು ತುಸು ತಡವಾಗಿ ಮುಚ್ಚಿಕೊಂಡು ಕಾಲುಗಳು ತುಸು ಉದ್ದವಾಗಬಹುದು. ಅದಕ್ಕಿಂತ ಗಮನಿಸಬೇಕಾದದ್ದು, ಶಸ್ತ್ರಚಿಕಿತ್ಸೆಯ ಬಳಿಕ ಶಕ್ತಿಯ ಅಗತ್ಯ ಕಡಿಮೆಯಾಗಿ ಹಸಿವು ಹೆಚ್ಚುತ್ತದೆ. ಆಗ ಏರುವ ತೂಕವನ್ನು ಬೆಳವಣಿಗೆ ಎಂದು ಲೆಕ್ಕ ಹಾಕಬಾರದು.

ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ನಾಯಿಯ ಪಕ್ಕೆಗಳ ಮೇಲೆ ಬೆರಳುಗಳನ್ನು ಹಗುರವಾಗಿ ಆಡಿಸಿದಾಗ ಪಕ್ಕೆಲುಬುಗಳು ಒತ್ತದೆಯೇ ಸಿಗಬೇಕು. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸೊಂಟ ಕಿರಿದಾಗಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಮೇಲೇರಬೇಕು. ಉದ್ದಕೂದಲಿನ ನಾಯಿಗಳಲ್ಲಿ ಕಣ್ಣಿಗಿಂತ ಕೈಯನ್ನೇ ನಂಬಬೇಕು. ಪಶುವೈದ್ಯರು ಮೈಕಟ್ಟು ಅಳೆಯಲು ಬಳಸುವ ಒಂಬತ್ತು ಅಂಕಗಳ ಮಾಪನದಲ್ಲಿ ಇಂಥ ನಾಯಿಗೆ 4 ಅಥವಾ 5 ಅಂಕ. ಹತ್ತರಿಂದ ಹನ್ನೆರಡು ತಿಂಗಳ ನಡುವೆ ಸತತ ನಾಲ್ಕು ವಾರ ತೂಕ ಏರದೆ, ಎತ್ತರವೂ ನಿಂತು, ಮೈಕಟ್ಟು ಈ ಸ್ಥಿತಿಯಲ್ಲಿದ್ದರೆ, ಆ ದಿನದ ತೂಕವನ್ನು ನಾಯಿಯ ಆದರ್ಶ ತೂಕವೆಂದು ಲಸಿಕೆಯ ಪುಸ್ತಕದಲ್ಲಿ ಬರೆಸಿ, ಒಂದು ವಾರದ ಅವಧಿಯಲ್ಲಿ ಹಂತಹಂತವಾಗಿ ಬೆಳೆದ ನಾಯಿಯ ಆಹಾರಕ್ಕೆ ಬದಲಿಸಬಹುದು, ವಾರದ ತೂಗುವಿಕೆಯನ್ನು ತಿಂಗಳಿಗೊಮ್ಮೆ ಮಾಡಿಕೊಳ್ಳಬಹುದು.